ಕಾಮಣಿಯ ಮದ್ದಿಗೆ ಕೀರ್ತಿ ಬಂದ ಬಗೆ

ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಕಾಮಾಲೆಗೆ ಕಾಮಣಿ ಎನ್ನುವುದು ವಾಡಿಕೆ. ಕಣ್ಣು ಹಳದಿಯಾಯಿತೆಂದರೆ ದವಾಖಾನೆಗಿಂತ ಮೊದಲು ಮದ್ದು ಕೊಡುವವರ ಮನೆಗೆ ನಡೆಯುವುದೂ ವಾಡಿಕೆಯೇ. ಕೆಲವರು ನೆಲನೆಲ್ಲಿಯ ರಸ ಕುಡಿಸುತ್ತಾರೆ, ಕೆಲವರು ಮೂಗಿಗೆ ಹನಿ ಬಿಡುತ್ತಾರೆ, ಇನ್ನು ಕೆಲವರು ಮುಂಗೈಗೆ ಚುಟಿಗೆ ಹಾಕುತ್ತಾರೆ. ಕೈಯನ್ನು ಸುಣ್ಣದ ನೀರಿನಲ್ಲಿ ತೊಳೆದು, ಹಳದಿಗೊಂಡ ನೀರನ್ನು ತೋರಿಸಿ ‘ಕಾಮಣಿ ಇಳಿಯಿತು’ ಎನ್ನುವವರೂ ಉಂಟು. ಮಾವಿನ ತೊಗಟೆಯ ರಸ ಸವರಿದ ಕೈಯಾದರೆ ಆರೋಗ್ಯವಂತನದಾದರೂ ಸುಣ್ಣದ ನೀರು ಹಳದಿಯಾಗುತ್ತದೆ! ನನ್ನ ತರಗತಿಗಳಲ್ಲಿ ಚುಟಿಗೆಯ ಕಲೆ ಹೊತ್ತ ಮಕ್ಕಳು ಪ್ರತಿವರ್ಷವೂ ಇರುತ್ತಿದ್ದರು. ಇದನ್ನು ಓದುತ್ತಿರುವ ಕೆಲವರ ಕೈಯಲ್ಲಿ ಆ ಕಲೆ ಇಂದಿಗೂ ಇರಬಹುದು.

ಹಾಗಾದರೆ ಗುಣಹೊಂದಿದ ಅಷ್ಟೊಂದು ಜನರ ಮಾತು ಸುಳ್ಳೇ? ಸುಳ್ಳಲ್ಲ. ಇದರ ಉತ್ತರ ತಿಳಿಯಲು ದೆಹಲಿಯ ಕಡೆಗೆ ನೋಡಬೇಕು. 1955ರ ಪ್ರವಾಹ ಇಳಿದ ಮೇಲೆ ಯಮುನೆಯ ಹರಿವು ಬದಲಾಗಿ, ನಜಫ್‌ಗಢ ನಾಲೆಯ ಹೊಲಸು ವಜೀರಾಬಾದಿನ ನೀರೆತ್ತುವ ಕೇಂದ್ರಕ್ಕೆ ನುಗ್ಗಿತು. ಸಿಬ್ಬಂದಿ ಕ್ಲೋರಿನ್ ಹೆಚ್ಚಿಸಿದ್ದರಿಂದ ವಿಷಮಶೀತಜ್ವರ ಹೆಚ್ಚಲಿಲ್ಲ. ಆದರೆ ಆ ಚಳಿಗಾಲದಲ್ಲಿ ಸುಮಾರು 29,000 ಜನರ ಕಣ್ಣು ಹಳದಿಯಾಯಿತು. ಅವರಲ್ಲಿ ಬಹುತೇಕರು ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಂಡರು. ನೀರಿನಿಂದ ಬರುವ ಕಾಮಾಲೆಯ ಸ್ವಭಾವವೇ ಅದು. ಚುಟಿಗೆ ಹಾಕಿಸಿಕೊಂಡವನೂ ಹಾಕಿಸಿಕೊಳ್ಳದವನೂ ಒಂದೇ ಹೊತ್ತಿಗೆ ಏಳುತ್ತಾರೆ. ಕೀರ್ತಿ ಮಾತ್ರ ಚುಟಿಗೆಗೆ.

ಆ ರೋಗದ ಹೆಸರು ತಿಳಿಯಲು ಬಹುಕಾಲ ಹಿಡಿಯಿತು. 1978ರಲ್ಲಿ ಕಾಶ್ಮೀರದಲ್ಲಿ ಇಂಥದೇ ಪಿಡುಗು ಹಬ್ಬಿದಾಗ ಡಾ. ಎಂ. ಎಸ್. ಖುರೂ ಅವರು, ಇದು ಆಗ ತಿಳಿದಿದ್ದ ಹೆಪಟೈಟಿಸ್ ಎ ಅಲ್ಲ, ಬಿ ಕೂಡ ಅಲ್ಲ ಎಂದು ಕಂಡುಕೊಂಡರು. ರಷ್ಯಾದ ವಿಜ್ಞಾನಿ ಬಾಲಯಾನ್ ಅವರು ರೋಗಿಗಳ ಮಲದ ಸಾರವನ್ನು ಸ್ವತಃ ಸೇವಿಸಿ, ಕಾಮಾಲೆ ತಂದುಕೊಂಡು, ಹೊಸ ವೈರಾಣುವನ್ನು ತೋರಿಸಿದ ವರದಿ 1983ರಲ್ಲಿ ಪ್ರಕಟವಾಯಿತು. ಅದೇ ಹೆಪಟೈಟಿಸ್ ಇ. ಉಳಿದವರನ್ನು ಸಾಮಾನ್ಯವಾಗಿ ಬಿಟ್ಟುಹೋಗುವ ಈ ರೋಗ ಗರ್ಭಿಣಿಯರನ್ನು ಬಿಡುವುದಿಲ್ಲ. ಏಳು ತಿಂಗಳು ತುಂಬಿದ ಮೇಲೆ ತಗುಲಿದರೆ ನೂರಕ್ಕೆ 20ರಿಂದ 25 ಮಂದಿ ಸಾಯಬಹುದು. ಸಾಯುವ ಮುನ್ನ ಅವರು ಬಡಬಡಿಸುತ್ತಾರೆ, ಎಚ್ಚರ ತಪ್ಪುತ್ತಾರೆ. ಸನ್ನಿ ಎಂದೋ ಗಾಳಿ ಸೋಕಿತೆಂದೋ ನಮ್ಮ ಹಿರಿಯರು ಹೇಳುತ್ತಿದ್ದ ಸಾವುಗಳಲ್ಲಿ ಎಷ್ಟು ಯಕೃತ್ತಿನವೋ! ಭೀಮಾ, ಕೃಷ್ಣೆಯರ ನಡುವೆ ಇದ್ದೂ ಹಳ್ಳದ ವರತೆ ತೋಡಿ ಕುಡಿದ ಜನ ನಾವು.

ನೆಲನೆಲ್ಲಿಯನ್ನು ಮಾತ್ರ ನಾನು ಹೀಗಳೆಯಲಾರೆ. ಹೆಪಟೈಟಿಸ್ ಬಿ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲೂಂಬರ್ಗ್ ಅವರೇ ಅದರ ಮೇಲೆ ಕೆಲಸ ಮಾಡಿದರು. 1988ರಲ್ಲಿ ಮದರಾಸಿನ ಅಧ್ಯಯನವೊಂದರಲ್ಲಿ ಅದನ್ನು ಸೇವಿಸಿದ 37 ಜನರ ಪೈಕಿ 22 ಮಂದಿಯ ರಕ್ತದಿಂದ ಬಿ ವೈರಾಣುವಿನ ಗುರುತು ಮಾಯವಾಯಿತೆಂದು ವರದಿಯಾಯಿತು. ದೊಡ್ಡ ಆಸೆ ಹುಟ್ಟಿತು. ಆದರೆ ನಂತರದ ಪ್ರಯೋಗಗಳಲ್ಲಿ ಆ ಫಲ ಮರಳಿ ಸಿಗಲಿಲ್ಲ. ಶಾಸ್ತ್ರೀಯವಾಗಿ ಪರೀಕ್ಷಿಸಿ ಕೈಬಿಡುವುದು ಬೇರೆ, ನೋಡದೆ ನಗುವುದು ಬೇರೆ.

ಕಾಮಾಲೆ ರೋಗವಲ್ಲ, ರೋಗದ ಚಿಹ್ನೆ. ನೀರಿನ ಕಾಮಾಲೆಗೆ ವಿಶ್ರಾಂತಿ, ಎಂದಿನ ಆಹಾರ ಸಾಕು; ಎಣ್ಣೆ, ಬೇಳೆ ಬಿಡಿಸಿ ತಿಂಗಳುಗಟ್ಟಲೆ ಪಥ್ಯ ಮಾಡಿಸಬೇಕಿಲ್ಲ, ಮದ್ಯ ಮಾತ್ರ ಕೂಡದು. ಮಲ ಬಿಳಿಚಿ ಮೈ ತುರಿಸಿದರೆ ಪಿತ್ತನಾಳದಲ್ಲಿ ತಡೆಯಿರಬಹುದು. ರೋಗಿ ಮಂಕಾದರೆ, ರಕ್ತ ಒಸರಿದರೆ, ವಾಂತಿ ನಿಲ್ಲದಿದ್ದರೆ, ಅಥವಾ ಆಕೆ ಗರ್ಭಿಣಿಯಾಗಿದ್ದರೆ, ಒಂದು ದಿನವೂ ಕಾಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಬಿ ಮತ್ತು ಸಿ ರಕ್ತದಿಂದ ಹರಡುತ್ತವೆ, ಸದ್ದಿಲ್ಲದೆ ವರ್ಷಗಟ್ಟಲೆ ಒಳಗಿದ್ದು ಯಕೃತ್ತನ್ನು ಕೆಡಿಸುತ್ತವೆ. ಹಲವರಿಗೆ ಒಂದೇ ಸೂಜಿ ಚುಚ್ಚುತ್ತಿದ್ದ ಕಾಲವನ್ನು ಕಂಡ ನನ್ನ ವಯಸ್ಸಿನ ಬಂಧುಗಳು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. 2018ರ ಜುಲೈ 28ರಂದು, ಬ್ಲೂಂಬರ್ಗ್ ಅವರ ಜನ್ಮದಿನದಂದೇ, ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಎರಡಕ್ಕೂ ಸರ್ಕಾರಿ ವ್ಯವಸ್ಥೆಯಲ್ಲಿ ಪರೀಕ್ಷೆ, ಔಷಧಿ ಉಚಿತ. ಸಿ ಇದ್ದವರಲ್ಲಿ ಹೆಚ್ಚಿನವರು ಹನ್ನೆರಡು ವಾರಗಳ ಮಾತ್ರೆಗಳಿಂದ ಪೂರ್ತಿ ಗುಣವಾಗುತ್ತಾರೆ.