ಗೂಡಿಗೆ ಹೋದ ಚಿಪ್ಪು, ನೀರಿಗೆ ಮರಳಿದ ಚಿಪ್ಪು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಸುಣ್ಣವೆಂದರೆ ಸುಣ್ಣಕಲ್ಲನ್ನು ಸುಟ್ಟು ಅರಳಿಸಿದ್ದು. ಹಳೆಯ ಮೈಸೂರು ಸೀಮೆಯಲ್ಲಿ ಉಪ್ಪಾರರ ಒಂದು ಪಂಗಡಕ್ಕೆ ‘ಸುಣ್ಣದ ಉಪ್ಪಾರರು’ ಎಂಬ ಹೆಸರು ಬಂದದ್ದೇ ಈ ಕಸುಬಿನಿಂದ. ಘಟ್ಟ ಇಳಿದರೆ ಕತೆ ಬೇರೆ. ಕರಾವಳಿಯದು ಮುರಕಲ್ಲಿನ ನೆಲ. ಅಲ್ಲಿ ಸುಣ್ಣದ ಗೂಡಿಗೆ ಬಿದ್ದದ್ದು ಕಡಲ, ಅಳಿವೆಯ ಚಿಪ್ಪು.

ಆ ಸುಣ್ಣ ಗೋಡೆಯ ಗಾರೆಯಾಯಿತು, ಎಲೆಯಡಿಕೆಗೆ ಜೊತೆಯಾಯಿತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದ ಮೇಲೆ ಮೈಲುತುತ್ತದ ಜೊತೆಗಾರನಾಗಿ ತೋಟಕ್ಕೂ ಸುಣ್ಣ ಬೇಕಾಯಿತು. ಅಂದರೆ ತಿಂದುಳಿದ ಚಿಪ್ಪು ನಮ್ಮಲ್ಲಿ ಬರೀ ಕಸವಾಗಿರಲಿಲ್ಲ. ಮರುಬಳಕೆ ಎಂಬ ಮಾತು ಹುಟ್ಟುವ ಮೊದಲೇ ಅದರ ಮರುಬಳಕೆ ನಡೆದಿತ್ತು. ಆದರೆ ಆ ದಾರಿ ಒಮ್ಮುಖ: ನೀರಿನಿಂದ ನೆಲಕ್ಕೆ.

ಸಿಂಪಿಯ ಮರಿ ಕೆಲವು ವಾರ ನೀರಿನಲ್ಲಿ ತೇಲಿ, ಆಮೇಲೆ ಗಟ್ಟಿಯಾದ ಆಸರೆಯೊಂದಕ್ಕೆ ಅಂಟಿಕೊಳ್ಳಬೇಕು. ಹಿರಿಯ ಸಿಂಪಿಗಳ ಚಿಪ್ಪು ಅದಕ್ಕೆ ಬಲು ಒಪ್ಪುವ ನೆಲೆ. ಚಿಪ್ಪಿನ ಮೇಲೆ ಚಿಪ್ಪು ಬೆಳೆದು ದಿಬ್ಬವಾಗುತ್ತದೆ. ಅದು ಅಲೆಯ ರಭಸ ತಗ್ಗಿಸುತ್ತದೆ, ಮೀನು ಏಡಿಗಳಿಗೆ ಮನೆಯಾಗುತ್ತದೆ. ಚಿಪ್ಪನ್ನೆಲ್ಲ ಹೊತ್ತೊಯ್ದರೆ ಮುಂದಿನ ತಲೆಮಾರು ನಿಲ್ಲಲು ಜಾಗವಿಲ್ಲ.

ನ್ಯೂಯಾರ್ಕ್ ಬಂದರು ಇದನ್ನು ಅನುಭವಿಸಿ ಕಲಿಯಿತು. ವಸಾಹತು ಕಾಲದಲ್ಲಿ ಅಲ್ಲಿಯೂ ಸಿಂಪಿಯ ಚಿಪ್ಪು ಸುಟ್ಟು ಮನೆ ಕಟ್ಟಿದರು. ಅತಿಯಾಗಿ ಬಾಚಿದ್ದು, ಊರಿನ ಕೊಳಚೆ ಎರಡೂ ಸೇರಿ ಸಿಂಪಿಯ ದಿಬ್ಬಗಳು ಅಳಿದವು. 2014ರಲ್ಲಿ ಶುರುವಾದ ‘ಬಿಲಿಯನ್ ಆಯ್ಸ್ಟರ್ ಪ್ರಾಜೆಕ್ಟ್’ ಈಗ ಹೋಟೆಲುಗಳಿಂದ ಚಿಪ್ಪು ಒಟ್ಟುಮಾಡುತ್ತದೆ, ಸುಮಾರು ವರ್ಷಕಾಲ ಬಿಸಿಲು ಮಳೆಗೆ ಒಡ್ಡಿ ಶುದ್ಧಮಾಡುತ್ತದೆ, ಮರಿಗಳನ್ನು ಅಂಟಿಸಿ ನೀರಿಗೆ ಮರಳಿಸುತ್ತದೆ.

ಇದನ್ನು ಹಾಗೆಯೇ ತಂದು ಕುಮಟಾದ ಅಘನಾಶಿನಿ ಅಳಿವೆಗೆ ಹಚ್ಚಲಾಗದು. ಅಲ್ಲಿನ ಜನರ ಅನ್ನಕ್ಕೆ ಮುಖ್ಯವಾದ ಬಳಚು ಕೆಸರು ಮರಳಿನಲ್ಲಿ ಹುದುಗಿ ಬಾಳುವ ಜೀವಿ. ಅದಕ್ಕೆ ದಿಬ್ಬ ಬೇಡ, ಕಲಕದ ತಳ ಬೇಕು. ಸಿಂಪಿಗೆ ಮಾತ್ರ ಗಟ್ಟಿ ಆಸರೆ ಬೇಕು. ಆದರೆ ತಳದಲ್ಲಿ ಹೂತ ಹಳೆಯ ಚಿಪ್ಪನ್ನು ಗಣಿಯಂತೆ ಅಗೆದಾಗ ಎರಡಕ್ಕೂ ಕುತ್ತು. ಇಳಿತದ ಹೊತ್ತಿಗೆ ಕೈಯಿಂದ ಬಳಚು ಆಯುವ ಹೆಂಗಸರ ಬುಟ್ಟಿಯನ್ನೂ ತಳವನ್ನೇ ಬಗೆಯುವ ಸಾಗಾಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದೆ. ಪಟ್ಟಿಯಲ್ಲಿನ ಹೆಸರಿಗೆ ಅರ್ಥ ಬರಬೇಕಾದರೆ ಚಿಪ್ಪಿನ ಲೆಕ್ಕವೂ ಬದಲಾಗಬೇಕು. ಗೂಡಿಗೆ ಎಷ್ಟು, ತೋಟಕ್ಕೆ ಎಷ್ಟು ಎಂದು ಇಷ್ಟು ಕಾಲ ಎಣಿಸಿದ್ದೇವೆ. ಅಳಿವೆಯ ಪಾಲು ಎಷ್ಟು ಎಂದು ಬರೆದುಕೊಳ್ಳುವ ಕಲಮು ಇನ್ನೂ ಖಾಲಿಯಿದೆ.