ಹೆಬ್ಬಾಳ ಕೆರೆಗೆ ಬೋಟು ತರಲು ಹೊರಟಾಗ

ಹೆಬ್ಬಾಳ ಫ್ಲೈಓವರ್ ಜಾಮ್‌ನಲ್ಲಿ ಕೂತಾಗ ಪಕ್ಕದಲ್ಲಿ ಕಾಣೋ ಕೆರೆ ಇದೆಯಲ್ಲ, 2006ರಲ್ಲಿ ಅದನ್ನು 15 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದರು. ಕೊಟ್ಟದ್ದು ಕೆರೆ ಅಭಿವೃದ್ಧಿ ಪ್ರಾಧಿಕಾರ, ಪಡೆದದ್ದು ಒಬೆರಾಯ್ ಸಮೂಹದ ಇಐಎಚ್ ಕಂಪನಿ. ಬೋಟಿಂಗ್, ತೇಲುವ ರೆಸ್ಟೋರೆಂಟ್ ಎಲ್ಲಾ ಯೋಜನೆಯಲ್ಲಿತ್ತು. ಹತ್ತಿರದ ನಾಗವಾರ ಕೆರೆ ಆಗಲೇ ಲುಂಬಿನಿ ಗಾರ್ಡನ್ಸ್ ಆಗಿತ್ತು. ಸರ್ಕಾರದ ಹತ್ತಿರ ದುಡ್ಡಿಲ್ಲ, ಕೆರೆಗೆ ಕೊಳಚೆ ಬರ್ತಿದೆ, ಖಾಸಗಿಯವರಾದ್ರೂ ನೋಡ್ಕೊಳ್ಳಲಿ ಅನ್ನೋದು ವಾದ. ಪೂರ್ತಿ ಸುಳ್ಳು ವಾದವೇನಲ್ಲ.

ಆದರೆ ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತಿರುತ್ತೆ, ಕೆರೆ ಅಂದ್ರೆ ಈಜುಕೊಳ ಅಲ್ಲ. ಏರಿ, ತೂಬಿನ ಹತ್ತಿರ ಆಳ. ನೀರು ಬಂದು ಸೇರುವ ಕಡೆ ಮೊಣಕಾಲುದ್ದ, ಕೊನೆಗೆ ಬರೀ ಕೆಸರು. ಬೇಸಿಗೆಯಲ್ಲಿ ಅದೇ ಕೆರೆ ಅಂಗಳದಲ್ಲಿ ದನ ಮೇಯಿಸ್ತಿದ್ವಿ, ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೀತಿದ್ವಿ. ಮೆಟ್ಟುಗಾಲು ಹಕ್ಕಿಯಂಥವು ನಡೆದಾಡಿ ಹುಳ ಹೆಕ್ಕೋದು ಈ ತೆಳು ನೀರಲ್ಲೇ. ಗುಳುಮುಳುಕ ಇನ್ನೂ ವಿಚಿತ್ರ: ಜೊಂಡಿಗೆ ಸಿಕ್ಕಿಸಿ ನೀರ ಮೇಲೆ ತೇಲುವ ಗೂಡು ಕಟ್ಟುತ್ತೆ. ಮೋಟಾರ್ ಬೋಟಿನ ಒಂದು ಅಲೆ ಸಾಕು, ಮೊಟ್ಟೆ ನೀರುಪಾಲು. ಬೋಟು ಓಡಬೇಕಂದ್ರೆ ಹೂಳೆತ್ತಿ ಎಲ್ಲಾ ಕಡೆ ಆಳ ಮಾಡಬೇಕು, ಜೊಂಡು ಕೀಳಬೇಕು. ಅಂದ್ರೆ ಬೋಟು ಇಳಿಯೋಕೆ ಮುಂಚೆನೇ ಹಕ್ಕಿಯ ಮನೆ ಹೋಗಿರುತ್ತೆ. ಆಸ್ಟ್ರೇಲಿಯಾದಲ್ಲಿ ತಿಮಿಂಗಿಲದಿಂದ ಬೋಟು ನೂರು ಮೀಟರ್ ದೂರ ಇರಬೇಕು ಅಂತ ನಿಯಮವಿದೆ. ಸಮುದ್ರದಲ್ಲಿ ಸರಿ, ಕೆರೆಯಲ್ಲಿ ಹಕ್ಕಿಗೆ ಅಷ್ಟು ದೂರ ಬಿಟ್ಟರೆ ಬೋಟಿಗೆ ಉಳಿಯೋದು ಎಷ್ಟು?

2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಕೆರೆಗಳ ಈ ಗುತ್ತಿಗೆಯನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋಯಿತು. ಕೋರ್ಟ್ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದಲ್ಲಿ ಸಮಿತಿ ಮಾಡಿತು, 2011ರಲ್ಲಿ ವರದಿ ಬಂತು, 2012ರಲ್ಲಿ ಅಂತಿಮ ಆದೇಶ.

ಹಾಗಂತ ದೋಣಿಯೇ ಶತ್ರು ಅನ್ನೋಕಾಗಲ್ಲ. ಸಲೀಂ ಅಲಿ ಅವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿಯಲ್ಲೇ ಹಕ್ಕಿ ನೋಡ್ತೀವಿ. ಅಲ್ಲಿ ಹರಿಯೋದು ಕಾವೇರಿ, ಗೂಡುಗಳಿರೋದು ನಡುಗಡ್ಡೆಯ ಮರಗಳಲ್ಲಿ. ಅರಣ್ಯ ಇಲಾಖೆಯ ಅಂಬಿಗರು ಹುಟ್ಟು ಹಾಕ್ತಾರೆ, ಎಲ್ಲಿ ನಿಲ್ಲಿಸಬೇಕು ಅಂತ ಅವರಿಗೆ ಗೊತ್ತು. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟ ದಿನ ದೋಣಿ ಬಂದ್. ಟಿಕೆಟ್ ತಗೊಂಡವರು ಗೊಣಗ್ತಾರೆ, ಗೊಣಗಲಿ.

ನಮ್ಮ ಕಡೆ ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಸರ್ಕಾರ ಪಕ್ಷಿ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. ಹೆಬ್ಬಾಳದಿಂದ ಏರ್‌ಪೋರ್ಟ್ ದಾರಿಯಲ್ಲಿ ಹೋಗಿ ಯಲಹಂಕ ಕಡೆ ತಿರುಗಿದರೆ ಸಿಗುತ್ತೆ. ಹಾವಕ್ಕಿ ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸೋದನ್ನ ನೋಡೋಕೆ ಬೋಟು ಬೇಡ, ಒಂದು ಬೈನಾಕ್ಯುಲರ್ ಇದ್ರೆ ಆಯ್ತು.