ದ್ರಾಕ್ಷಿ ಸಕ್ಕರೆ ಮತ್ತು ಬೆಂಗಳೂರಿನ ಒಂದು ಪ್ರಯೋಗ

ಶಾಲೆಗೆ ಐವತ್ತು ತುಂಬಿತು, ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಮುಖ್ಯ ಗುರುಗಳು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ವಿಜ್ಞಾನ ಕೋಣೆಯ ಕಿಟಕಿಯಲ್ಲಿದ್ದ ಒಂದು ಶೀಸೆ. ನಾನು ತಿಕೋಟಾ ಕಡೆಯವನು. ಎಂಬತ್ತರ ದಶಕದ ಆರಂಭ, ಒಂಬತ್ತನೆಯ ಇಯತ್ತೆ. ಊರಿಂದ ತಂದ ದ್ರಾಕ್ಷಿಯನ್ನು ನಮ್ಮ ವಿಜ್ಞಾನ ಗುರುಗಳು ಹಿಂಡಿಸಿ, ರಸವನ್ನು ಶೀಸೆಗೆ ತುಂಬಿ, ಬಾಯಿಗೆ ಒಂದು ಪುಗ್ಗಾ ಕಟ್ಟಿಸಿದರು. ಮೂರನೆಯ ದಿನ ಪುಗ್ಗಾ ಉಬ್ಬಿ ನಿಂತಿತ್ತು. "ಗಾಳಿ ಸಾಲದ ಕಡೆ ಜೀವಕೋಶ ಸಕ್ಕರೀನ ಅರ್ಧಂಬರ್ಧ ತಿಂದು ಬಿಡ್ತದ. ಅದಕ್ಕ ಹುದುಗುವಿಕೆ ಅಂತಾರ. ಕ್ಯಾನ್ಸರ್ ಗಡ್ಡೀನೂ ಹಿಂಗ ಮಾಡ್ತದಂತ" ಎಂದು ಹೇಳಿ, ಗಂಟೆ ಹೊಡೆದದ್ದರಿಂದ ಹೊರಟುಹೋದರು. ಆ ಕೊನೆಯ ಮಾತು ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಅದು ಎಲ್ಲಿಯ ಮಾತು ಎಂದು ತಿಳಿದದ್ದು ನಾನು ರಸಾಯನಶಾಸ್ತ್ರ ಓದುವಾಗ. ಜರ್ಮನಿಯ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲಿ ಇಲಿಯ ಗಡ್ಡೆಯ ತೆಳು ಚೂರುಗಳನ್ನು ಪರೀಕ್ಷಿಸಿದ. ನಾವು ಜೋರಾಗಿ ಓಡಿದಾಗ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತದೆ. ಮೊಸರು ಹುಳಿಯಾಗುವುದೂ ಅದೇ ಆಮ್ಲದಿಂದ. ಗಡ್ಡೆಯಾದರೋ ಆಮ್ಲಜನಕ ಬೇಕಾದಷ್ಟಿದ್ದರೂ ಗ್ಲೂಕೋಸನ್ನು ಒಂದೇ ಸಮ ಎಳೆದುಕೊಂಡು ಆ ಆಮ್ಲವನ್ನೇ ಸುರಿಸುತ್ತಿತ್ತು. ಗ್ಲೂಕೋಸ್ ಎಂದರೆ ನಮ್ಮ ಹಳೆಯ ಪುಸ್ತಕಗಳ ದ್ರಾಕ್ಷಿ ಸಕ್ಕರೆ. ಅದನ್ನು ಪೂರ್ತಿ ಉರಿಸಿದರೆ ಮೂವತ್ತರ ಆಚೀಚೆ ಎಟಿಪಿ ಅಣುಗಳು ಸಿಗುತ್ತವೆ, ಹೀಗೆ ಅರ್ಧಕ್ಕೆ ಬಿಟ್ಟರೆ ಸಿಗುವುದು ಎರಡೇ. ಇಷ್ಟು ದುಂದುಗಾರಿಕೆ ಯಾಕೆ? ಕೋಶದ ಉಸಿರಾಟ ಕೆಡುವುದೇ ಕ್ಯಾನ್ಸರಿನ ಮೂಲ ಎಂದು ವಾರ್ಬರ್ಗ್ ಕೊನೆಯವರೆಗೂ ಹಟ ಹಿಡಿದ. 1931ರಲ್ಲಿ ಅವನಿಗೆ ನೊಬೆಲ್ ಬಂದದ್ದು ಉಸಿರಾಟದ ಕಿಣ್ವದ ಕೆಲಸಕ್ಕೆ. ಕ್ಯಾನ್ಸರಿನ ವಿಷಯದಲ್ಲಿ ಅವನು ಕಂಡದ್ದು ಸರಿ, ಕಟ್ಟಿದ ಕಾರಣ ಪೂರ್ತಿ ನಿಲ್ಲಲಿಲ್ಲ. ಬಹಳಷ್ಟು ಗಡ್ಡೆಗಳಲ್ಲಿ ಉಸಿರಾಟ ನಡೆದೇ ಇರುತ್ತದೆ. ಕೆಟ್ಟ ಜೀನುಗಳು ಕೋಶವನ್ನು ಬೆಳೆ ಬೆಳೆ ಎಂದು ತಿವಿಯುವಾಗ ಸಕ್ಕರೆ ಅದಕ್ಕೆ ಉರುವಲೂ ಹೌದು, ಕಟ್ಟಡದ ಸಾಮಾನೂ ಹೌದು.

ಸಕ್ಕರೆ ಬೇಡುವ ಗಡ್ಡೆಗೆ ಸುಳ್ಳು ಸಕ್ಕರೆ ಕೊಟ್ಟರೆ? 2-ಡಿಆಕ್ಸಿ ಗ್ಲೂಕೋಸ್ ಎಂಬ ವಸ್ತು ಗ್ಲೂಕೋಸಿಗಿಂತ ಒಂದೇ ಒಂದು ಆಮ್ಲಜನಕದ ಪರಮಾಣು ಕಡಿಮೆ ಉಳ್ಳದ್ದು. ಗಾಣಕ್ಕೆ ಕಬ್ಬಿನ ನಡುವೆ ಹಸಿ ಬಿದಿರು ಕೊಟ್ಟ ಹಾಗೆ: ಒಳಗೆ ಹೋಗುತ್ತದೆ, ಅಲ್ಲೇ ಸಿಕ್ಕಿಕೊಳ್ಳುತ್ತದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ರೋಗಿಗಳ ರಕ್ತಕ್ಕೆ ಹರಿಸಿ ನೋಡಿದರು. ಬೆವರು, ಬಿಸುಪು, ಸಕ್ಕರೆ ಇಳಿದವರಿಗೆ ಆಗುವಂಥ ಸಂಕಟ. ಮಿದುಳೂ ಸಕ್ಕರೆಯನ್ನೇ ನಂಬಿದ ಅಂಗವಲ್ಲವೇ!

ನನಗೆ ಹೆಮ್ಮೆ ಎನಿಸಿದ್ದು ಮುಂದಿನ ಭಾಗ. ನಾವು ಇಲ್ಲಿ ಶೀಸೆಗೆ ಪುಗ್ಗಾ ಕಟ್ಟುತ್ತಿದ್ದ ಕಾಲದಲ್ಲೇ ಬೆಂಗಳೂರಿನ ನಿಮ್ಹಾನ್ಸ್‌ನ ಜೈವಿಕ ಭೌತಶಾಸ್ತ್ರ ವಿಭಾಗದಲ್ಲಿ ವಿ. ಕೆ. ಜೈನ್ ಮತ್ತು ಸಂಗಡಿಗರು ಇದೇ ವಸ್ತುವಿನ ಬೆನ್ನು ಹತ್ತಿದ್ದರು. ಅದನ್ನು ಒಂಟಿಯಾಗಿ ಕೊಡದೆ ವಿಕಿರಣದ ಜೊತೆ ಕೊಡಬೇಕು ಎಂಬುದು ಅವರ ವಿಚಾರ. (ನಮ್ಮ ಮಂದಿ ವಿಕಿರಣಕ್ಕೆ 'ಕರೆಂಟ್ ಕೊಡಿಸೋದು' ಅಂತಾರೆ.) ವಿಕಿರಣ ತಾಗಿದ ಕೋಶ ತನ್ನ ಗಾಯ ಹೊಲಿದುಕೊಳ್ಳಲು ಶಕ್ತಿ ಬೇಕು. ಅದೇ ಹೊತ್ತಿಗೆ ಸಕ್ಕರೆಯ ದಾರಿ ಕಟ್ಟಿದರೆ, ಆ ದಾರಿಯನ್ನೇ ನಂಬಿದ ಗಡ್ಡೆ ಸೋಲಬೇಕು, ಆರೋಗ್ಯದ ಕೋಶ ಹೆಚ್ಚು ನರಳಬಾರದು. ಮನುಷ್ಯರ ಕ್ಯಾನ್ಸರ್ ಕೋಶಗಳ ಮೇಲೆ ಅವರು ನಡೆಸಿದ ಅಧ್ಯಯನ 1985ರಲ್ಲಿ ಅಚ್ಚಾಯಿತು.

ಆಮೇಲೆ ರೋಗಿಗಳ ಸರದಿ. ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆ, ದಿಲ್ಲಿಯ ಏಮ್ಸ್ ಮತ್ತು ರಕ್ಷಣಾ ಇಲಾಖೆಯ ಇನ್ಮಾಸ್ ಸೇರಿ ನಡೆಸಿದ ಪ್ರಯೋಗದ ವರದಿ 1996ರಲ್ಲಿ ಪ್ರಕಟವಾಯಿತು. ಕಿದ್ವಾಯಿಯ ಡಾ. ಎನ್. ಅನಂತ ಅದರ ಲೇಖಕರಲ್ಲೊಬ್ಬರು. ಮಿದುಳಿನ ಗ್ಲಿಯೋಮಾ ಗಡ್ಡೆಯ 20 ರೋಗಿಗಳು. ಶಸ್ತ್ರಚಿಕಿತ್ಸೆಯ ಬಳಿಕ ವಾರಕ್ಕೊಮ್ಮೆ, ನಾಲ್ಕು ವಾರ, ದೇಹದ ತೂಕದ ಪ್ರತಿ ಕಿಲೋಗೆ 200 ಮಿಲಿಗ್ರಾಂ ಲೆಕ್ಕದಲ್ಲಿ ಇದನ್ನು ಕುಡಿಸಿ ವಿಕಿರಣ ಕೊಟ್ಟರು. ಐವತ್ತು ಕಿಲೋ ಮನುಷ್ಯನಿಗೆ ಹತ್ತು ಗ್ರಾಂ. ಹತ್ತು ಮಂದಿಗೆ ವಾಕರಿಕೆ, ವಾಂತಿ ಆಯಿತು, ಆದರೆ 20 ಮಂದಿಯೂ ಚಿಕಿತ್ಸೆ ಮುಗಿಸಿದರು. ಅಪಾಯವಿಲ್ಲದೆ ಕೊಡಬಹುದು ಎಂಬುದು ಗೊತ್ತಾಯಿತು. ಅಷ್ಟು ಸಣ್ಣ ಸಂಖ್ಯೆಯಿಂದ ಗುಣವಾಗುತ್ತದೆ ಎನ್ನಲು ಬರುವುದಿಲ್ಲ. ಇಂದಿಗೂ ಅದು ಕ್ಯಾನ್ಸರಿನ ಮಾಮೂಲಿ ಔಷಧಿಯಾಗಿಲ್ಲ.

ಆ ಪುಡಿಯನ್ನು ನಮ್ಮ ಜಿಲ್ಲೆಯವರು ಬೇರೆ ಕಾರಣಕ್ಕೆ ಬಲ್ಲರು. 2021ರ ಮೇ ತಿಂಗಳಲ್ಲಿ ಕೊರೊನಾ ರೋಗಿಗಳಿಗೆ ತುರ್ತು ಬಳಕೆಗೆಂದು ಅನುಮತಿ ಸಿಕ್ಕ ಡಿಆರ್‌ಡಿಓ ಪುಡಿ ಇದೇ. ಎಲ್ಲಿ ಸಿಗುತ್ತದೆ ಎಂದು ಹಳೆಯ ಗೆಳೆಯರು ಆಗ ನನಗೆ ಫೋನ್ ಮೇಲೆ ಫೋನ್ ಮಾಡಿದ್ದರು.

ವಾರ್ಬರ್ಗ್ ಕಂಡದ್ದು ದಿನಬಳಕೆಗೆ ಬಂದದ್ದು ಚಿಕಿತ್ಸೆಗಿಂತ ಮೊದಲು ಪತ್ತೆಗೆ. ಅದೇ ಸುಳ್ಳು ಸಕ್ಕರೆಗೆ ವಿಕಿರಣ ಸೂಸುವ ಫ್ಲೋರಿನ್ ಜೋಡಿಸಿ 1976ರಲ್ಲಿ ಅಮೆರಿಕದಲ್ಲಿ ಮೊದಲು ಮನುಷ್ಯರಿಗೆ ಚುಚ್ಚಿದರು. ಗಡ್ಡೆ ಅದನ್ನು ನುಂಗಿ, ಪರದೆಯ ಮೇಲೆ ಎದ್ದು ಕಾಣುತ್ತದೆ. ಅದೇ ಈಗಿನ ಪೆಟ್ ಸ್ಕ್ಯಾನ್. ಆ ಫ್ಲೋರಿನ್ 110 ನಿಮಿಷಕ್ಕೆ ಅರ್ಧವಾಗಿಬಿಡುತ್ತದೆ.

ಅಂಥ ಒಂದು ಚಿತ್ರ ನಮ್ಮ ಮನೆಗೂ ಬಂತು. ನಮ್ಮ ಅಕ್ಕನದು. ಎದೆಯಲ್ಲಿ ಒಂದು, ಕಂಕುಳಲ್ಲಿ ಎರಡು ಹೊಳೆಯುವ ಚುಕ್ಕೆ. ಗಡ್ಡೆ ಸಕ್ಕರೆ ತಿನ್ನುತ್ತದೆ ಎಂಬುದನ್ನು ಒಂಬತ್ತನೆಯ ಇಯತ್ತೆಯಿಂದ ಬಲ್ಲವನು ನಾನು. ಬೆಲ್ಲ, ಬಾಳೆಹಣ್ಣು, ಅನ್ನ, ಕಡೆಗೆ ರೊಟ್ಟಿಯನ್ನೂ ಬಿಡಿಸಿದೆ. ಮನೆಯವರು ಕಲಿತವನ ಮಾತೆಂದು ಕೇಳಿದರು. ಎಳ್ಳಮವಾಸ್ಯೆ ದಿನ ಅಕ್ಕ, "ತಮ್ಮಾ, ಒಂದು ತುತ್ತು ಶೇಂಗಾ ಹೋಳಿಗಿ ತಿಂದ್ರ ಏನಾಗ್ತದೋ?" ಎಂದಳು. ಬ್ಯಾಡ ಎಂದೆ.

ಎರಡು ತಿಂಗಳಲ್ಲಿ ಏಳು ಕಿಲೋ ಇಳಿದಳು. ರಕ್ತ ಕಡಿಮೆಯಾಗಿ ಮುಂದಿನ ಕಿಮೋ ಮುಂದೂಡಬೇಕಾಯಿತು. ವೈದ್ಯರು ನನ್ನನ್ನು ಹೊರಗೆ ಕರೆದು ಕೇಳಿದರು: "ನೀವು ಕೊಡದಿದ್ರ ಯಕೃತ್ತು ಸಕ್ಕರೆ ತಯಾರಿಸಲ್ಲೇನ್ರಿ? ಅವರ ಮಾಂಸ ಕರಗಿಸಿ ತಯಾರಿಸ್ತದ. ಗಡ್ಡಿಗೆ ಸಿಗೋದು ಸಿಕ್ಕೇ ಸಿಗ್ತದ. ಉಪವಾಸ ಬಿದ್ದದ್ದು ಅವರು." ಕೋಶದ ಒಳಗಿನ ಒಂದು ಹಾದಿ ಕಟ್ಟುವುದು ಬೇರೆ, ತಟ್ಟೆ ಕಸಿಯುವುದು ಬೇರೆ. ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಅದು ಹೊಳೆದಿರಲಿಲ್ಲ.

ಅಕ್ಕ ಆಮೇಲೆ ಎರಡು ಎಳ್ಳಮವಾಸ್ಯೆ ಕಂಡಳು. ಎರಡಕ್ಕೂ ಹೋಳಿಗೆ ತಾನೇ ಲಟ್ಟಿಸಿ, ಮೊದಲನೆಯದನ್ನು ನನ್ನ ಮುಂದೆಯೇ ಕೂತು ತಿಂದಳು.